ಜೂನ್ ಮೊದಲ ವಾರ ಹಮ್ಟಾ ಪಾಸ್: ಟೆಂಟು, ಹಾಸಿಗೆ, ಹೊದಿಕೆ ಹೇಗೆ ತಯಾರಿ ಮಾಡಿಕೊಳ್ಳೋದು?

ಕೋಟೆ ಊರಿನವಳು, ಚಿತ್ರದುರ್ಗ:

ಎಲ್ಲರಿಗೂ ನಮಸ್ಕಾರ. ಜೂನ್ ಮೊದಲ ವಾರ ನಾನು, ನನ್ನ ತಮ್ಮ ಹಿಮಾಚಲದ ಮನಾಲಿ ಕಡೆಯಿಂದ ಹಮ್ಟಾ ಪಾಸ್ (ಬೆಟ್ಟ ದಾಟೋ ಕಣಿವೆದಾರಿ) ದಾಟಬೇಕು ಅಂತಿದ್ದೀವಿ. ದಾರಿಯಲ್ಲಿ ಸಿಗೋ ಜಾಗಗಳು ಜೋಬ್ರಾ, ಚಿಕಾ, ಬಾಲು ಕಾ ಘೇರಾ, ಪಾಸ್ ದಾಟಿದ ಮೇಲೆ ಶಿಯಾ ಗೋರು, ಕೊನೆಗೆ ಛತ್ರು. ದಾರಿಗೆ ಅಲ್ಲಿಯವರೇ ಒಬ್ಬರು ಗೈಡ್ ಬರ್ತಾರೆ. ಟೆಂಟು, ಹಾಸಿಗೆ, ಹೊದಿಕೆ ಮಾತ್ರ ನಮ್ಮದೇ, ಹೊರೋದೂ ನಾವೇ. ಗೈಡ್ ಫೋನಲ್ಲಿ ಹೇಳಿದ್ದು: "ನೀವು ಸೀಸನ್ ಶುರುವಿನಲ್ಲೇ ಬರ್ತಿದ್ದೀರಿ, ಬಾಲು ಕಾ ಘೇರಾದಿಂದ ಮೇಲೆ ಹಿಮದ ಮೇಲೆ ಮಲಗೋಕೆ ತಯಾರಾಗಿ ಬನ್ನಿ." ಅಲ್ಲಿಂದ ನನಗೆ ಯೋಚನೆ ಹತ್ತಿಕೊಂಡಿದೆ.

ನಮ್ಮ ಹತ್ತಿರ ಇರೋದು ಇಷ್ಟು. ಚಿಕ್ಕಪ್ಪನ ಮಗ ಬಳಸ್ತಿದ್ದ ಇಬ್ಬರ ಟೆಂಟು. ಎರಡು ಪದರದ್ದು, ಒಳಗಿನದು ಅರ್ಧ ಸೊಳ್ಳೆಪರದೆ ಥರದ ಬಲೆ. ಅವನು ದುಬೈಗೆ ಹೋದಾಗಿನಿಂದ ನಮ್ಮ ಅಟ್ಟದ ಮೇಲೆ ಸುತ್ತಿಟ್ಟಿದ್ದು ಹಾಗೇ ಇದೆ. ಎರಡು ಸ್ಲೀಪಿಂಗ್ ಬ್ಯಾಗು. ಒಂದರ ಲೇಬಲ್ ಮೇಲೆ ಎಷ್ಟು ಡಿಗ್ರಿ ಚಳಿಗೆ ಅಂತ ಕಂಫರ್ಟ್ 5, ಲಿಮಿಟ್ 0, ಎಕ್ಸ್‌ಟ್ರೀಮ್ ಮೈನಸ್ 15 ಅಂತಿದೆ. ಇನ್ನೊಂದು ಬಾತುಕೋಳಿ ಪುಕ್ಕದ್ದು, ಅದರ ಲೇಬಲ್ ಅಳಿಸಿಹೋಗಿದೆ, ಒಳಗೆ ಪುಕ್ಕ ಅಲ್ಲಲ್ಲಿ ಗಂಟುಗಂಟಾಗಿದೆ. ಕೆಳಗೆ ಹಾಸೋಕೆ 6 ಮಿಲಿಮೀಟರ್ ಯೋಗ ಮ್ಯಾಟು.

ಕೈಯಲ್ಲಿ ಒಟ್ಟು ಹತ್ತು ಸಾವಿರ ಇದೆ, ಇಬ್ಬರಿಗೂ ಸೇರಿ. ಮೊದಲು ಯಾವುದಕ್ಕೆ ಖರ್ಚು ಮಾಡಲಿ? ತಮ್ಮ ದಪ್ಪದ ಸ್ಲೀಪಿಂಗ್ ಬ್ಯಾಗೇ ಬೇಕು ಅಂತ ಹಟ ಹಿಡಿದಿದ್ದಾನೆ. ಇನ್ನೊಂದು ತೊಡಕು, ಇಲ್ಲಿ ಈಗ ಏಪ್ರಿಲ್ ಬಿಸಿಲು 38 ಡಿಗ್ರಿ. ಚಳಿಗೆ ತಡೆಯುತ್ತಾ ಇಲ್ಲವಾ ಅಂತ ದುರ್ಗದಲ್ಲಿ ಕೂತು ಪರೀಕ್ಷೆ ಮಾಡೋದು ಹೇಗೆ? ನಾನು ಲ್ಯಾಬ್ ಟೆಕ್ನಿಷಿಯನ್. ಅಳೆದು ನೋಡದೆ ಏನನ್ನೂ ನಂಬಿ ಅಭ್ಯಾಸ ಇಲ್ಲ.

ಅಮ್ಮ ಮನೆಯಲ್ಲಿರೋ ಕಂಬಳಿ ಒಯ್ಯಿರಿ ಅಂತಾರೆ. ಅದೂ ಒಂದು ಪ್ರಶ್ನೆ ಅಂತ ಇಟ್ಟುಕೊಳ್ಳಿ.


ತಾಡಪಾಲು ಹೊಲಿಗೆ, ದಾವಣಗೆರೆ:

ಮೇಡಂ, ದಾವಣಗೆರೆಯಲ್ಲಿ ನಂದು ತಾಡಪಾಲು, ಬ್ಯಾಗು ಹೊಲಿಯೋ ಅಂಗಡಿ. ಲಾರಿ ತಾಡಪಾಲಿನಿಂದ ಹಿಡಿದು ಕಾಲೇಜು ಹುಡುಗರ ಟ್ರೆಕ್ಕಿಂಗ್ ಬ್ಯಾಗಿನ ಜಿಪ್ಪಿನ ತನಕ ನನ್ನ ಕೈಗೆ ಬರ್ತೈತೆ. ಬೇಸಿಗೆಯಲ್ಲಿ ಅಂಗಡಿ ತಮ್ಮನಿಗೆ ಬಿಟ್ಟು ಹಿಮಾಲಯಕ್ಕೆ ಹೋಗೋ ರೂಢಿ ನಂಗೂ ಐತೆ. ದುಡ್ಡು ಮೊದಲು ಯಾವುದಕ್ಕೆ ಅಂತ ಕೇಳಿದ್ರಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಕೆಳಗೆ ಹಾಸೋ ಮ್ಯಾಟಿಗೆ ಹಾಕ್ರಿ. ಸ್ಲೀಪಿಂಗ್ ಬ್ಯಾಗಿಗಲ್ಲ.

ಯಾಕಂದ್ರೆ, ಸ್ಲೀಪಿಂಗ್ ಬ್ಯಾಗು ಬೆಚ್ಚಗಿಡೋದು ಅದರೊಳಗೆ ಉಬ್ಬಿ ನಿಂತ ಗಾಳಿಯಿಂದ. ನೀವು ಮಲಗಿದ ಕೂಡಲೇ ಬೆನ್ನಿನ ಕೆಳಗಿನ ಪುಕ್ಕವೋ ಹತ್ತಿಯೋ ಅಪ್ಪಚ್ಚಿ ಆಗಿ ಆ ಗಾಳಿ ಹೋಗಿಬಿಡ್ತೈತೆ. ಎರಡು ಸಾವಿರದ ಬ್ಯಾಗಾದ್ರೂ ಇಪ್ಪತ್ತು ಸಾವಿರದ ಬ್ಯಾಗಾದ್ರೂ ಸೊಂಟದ ಕೆಳಗೆ ಒಂದೇ ಕಥೆ. ಅಲ್ಲಿ ಹಿಮಕ್ಕೂ ನಿಮಗೂ ನಡುವೆ ಇರೋದು ಮ್ಯಾಟ್ ಒಂದೇ. ಮತ್ತೆ ಲೇಬಲ್ ಮೇಲಿನ ಆ ಕಂಫರ್ಟ್, ಲಿಮಿಟ್ ಅಂಕಿಗಳು ಐಎಸ್‌ಒ 23537 ಅನ್ನೋ, ಸ್ಲೀಪಿಂಗ್ ಬ್ಯಾಗಿನ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಯಿಂದ ಬರೋವು. ಆ ಪರೀಕ್ಷೆಯಲ್ಲಿ ಬ್ಯಾಗಿನೊಳಗೆ ಮಲಗಿಸೋ ಮನುಷ್ಯಾಕಾರದ ಬಿಸಿ ಗೊಂಬೆಯ ಕೆಳಗೆ ಒಳ್ಳೆ ದಪ್ಪದ ಮ್ಯಾಟ್ ಹಾಕಿರ್ತಾರೆ, ಆರ್-ವ್ಯಾಲ್ಯೂ ಸುಮಾರು 5ರದ್ದು. ಯೋಗ ಮ್ಯಾಟಿನ ಮೇಲೆ ಮಲಗಿ ಲೇಬಲ್ಲಿನ ಅಂಕಿ ನಂಬಿದ್ರೆ ಆ ಲೆಕ್ಕ ನಿಮಗೆ ಅನ್ವಯಿಸೋದೇ ಇಲ್ಲ.

ಆರ್-ವ್ಯಾಲ್ಯೂ ಅಂದ್ರೆ ಮ್ಯಾಟು ಶಾಖ ಹೊರಹೋಗೋದನ್ನ ಎಷ್ಟು ತಡೀತೈತೆ ಅನ್ನೋ ಅಳತೆ. ಒಂದರ ಮೇಲೊಂದು ಹಾಸಿದ್ರೆ ಕೂಡ್ತಾ ಹೋಗ್ತೈತೆ. ಮಡಚೋ ಫೋಮ್ ಮ್ಯಾಟು ಸುಮಾರು 2, ಅದರ ಮೇಲೆ ಗಾಳಿ ತುಂಬೋ 3ರ ಮ್ಯಾಟು, ಒಟ್ಟು 5. ಹಿಮದ ಮೇಲೆ 4ಕ್ಕಿಂತ ಕಮ್ಮಿ ಇಟ್ಟುಕೊಳ್ಳಬಾರದು ಅನ್ನೋದು ನನ್ನ ಲೆಕ್ಕ. ಎರಡು ಮ್ಯಾಟಿಂದ ಇನ್ನೊಂದು ಲಾಭ, ಗಾಳಿ ಮ್ಯಾಟು ರಾತ್ರಿ ತೂತಾದ್ರೂ ಫೋಮು ಉಳಿದಿರ್ತೈತೆ. ಕೊಳ್ಳೋವಾಗ ಅಂಗಡಿಯವರು ಎಷ್ಟು ಇಂಚು ದಪ್ಪ ಅಂತ ಹೇಳ್ತಾರೆ. ದಪ್ಪ ಕೇಳಬ್ಯಾಡ್ರಿ, ಆರ್-ವ್ಯಾಲ್ಯೂ ಕೇಳ್ರಿ. ಒಳಗೆ ಬರೀ ಗಾಳಿ ಇರೋ ಮೂರಿಂಚಿನ ಮ್ಯಾಟು ಹಿಮದ ಮೇಲೆ ಐಸಿನಂಗೆ ತಣ್ಣಗಾಗ್ತೈತೆ.

ಎಷ್ಟು ಚಳಿ ಇರಬಹುದು ಅಂತ ನೀವೇ ಲೆಕ್ಕ ಹಾಕಬಹುದು. ಪ್ರತಿ 1,000 ಮೀಟರ್ ಏರಿದ್ರೆ ಸುಮಾರು 6.5 ಡಿಗ್ರಿ ಇಳೀತೈತೆ. ಮನಾಲಿ ಸುಮಾರು 2,050 ಮೀಟರ್, ಶಿಯಾ ಗೋರು ಸುಮಾರು 3,900. ಮನಾಲಿಯಲ್ಲಿ ರಾತ್ರಿ 10 ಡಿಗ್ರಿ ಇದ್ರೆ ಅಲ್ಲಿ ಮೈನಸ್ 2. ಮೋಡ ಇಲ್ಲದ ರಾತ್ರಿ, ಸುತ್ತ ಹಿಮ, ತಣ್ಣನೆ ಗಾಳಿ ಇಳಿದು ನಿಲ್ಲೋ ಕಣಿವೆ ತಳ, ಇವೆಲ್ಲ ಸೇರಿದ್ರೆ ಇನ್ನೂ ಕೆಳಗೆ. ನಿಮ್ಮ ಕಂಫರ್ಟ್ 5ರ ಬ್ಯಾಗು ಒಂದೇ ಸಾಲಲ್ಲ. ಲಿಮಿಟ್ ಅನ್ನೋದು ಗಂಡಸು ಮುದುಡಿಕೊಂಡು ಹೇಗೋ ರಾತ್ರಿ ತಳ್ಳೋ ಅಂಕಿ. ಹೆಂಗಸರಿಗೆ ಕಂಫರ್ಟ್ ಅಂಕಿಯೇ ಲೆಕ್ಕ. ಎಕ್ಸ್‌ಟ್ರೀಮ್ ಅನ್ನೋದನ್ನ ಪೆನ್ನಿಂದ ಹೊಡೆದು ಹಾಕ್ರಿ, ಅದು ನಿದ್ದೆಯ ಅಂಕಿ ಅಲ್ಲ, ಜೀವ ಹಿಡಿಯೋ ಅಂಕಿ. ಆದ್ರೆ ಹೊಸ ಬ್ಯಾಗು ಕೊಳ್ಳೋದು ಬ್ಯಾಡ. ಮನಾಲಿಯಲ್ಲಿ ಬಾಡಿಗೆಗೆ ಸಿಗ್ತಾವೆ. ನಿಮ್ಮ ತಮ್ಮನಿಗೆ ಅಲ್ಲಿ ದಪ್ಪದ್ದು ತಗೊಂಡ್ರಾಯ್ತು. ತಗೊಳ್ಳೋ ಮುಂಚೆ ಬಿಡಿಸಿ, ಅರ್ಧ ಗಂಟೆ ಉಬ್ಬೋಕೆ ಬಿಟ್ಟು, ಜಿಪ್ಪು ಮೇಲಿಂದ ಕೆಳಗೆ ಎಳೆದು ನೋಡ್ರಿ.

ಪುಕ್ಕದ ಬ್ಯಾಗು ಬಿಸಾಕಬ್ಯಾಡ್ರಿ. ಗಂಟಾಗಿದೆ ಅಂದ್ರೆ ಬೆವರು, ಎಣ್ಣೆ ಹಿಡಿದೈತೆ. ಸ್ನಾನದ ತೊಟ್ಟಿ ಇಲ್ಲಾಂದ್ರೆ ದೊಡ್ಡ ಟಬ್ಬಲ್ಲಿ ಉಗುರುಬೆಚ್ಚಗಿನ ನೀರು, ಪುಕ್ಕಕ್ಕಂತಲೇ ಬರೋ ಸೋಪು. ಬಟ್ಟೆ ಪುಡಿ ಹಾಕಬಾರದು. ಹಿಂಡಬಾರದು, ಒತ್ತಿ ನೀರು ತೆಗೀಬೇಕು. ಎತ್ತೋವಾಗ ಎರಡೂ ಕೈ ಕೆಳಗೆ ಕೊಟ್ಟು ಎತ್ರಿ, ಇಲ್ಲಾಂದ್ರೆ ನೀರಿನ ಭಾರಕ್ಕೆ ಒಳಗಿನ ಹೊಲಿಗೆ ಹರೀತೈತೆ. ಒಣಗಿಸೋಕೆ ನಮ್ಮ ಏಪ್ರಿಲ್ಲು ಹೇಳಿಮಾಡಿಸಿದ ಕಾಲ. ನೇರ ಬಿಸಿಲು ಬ್ಯಾಡ, ಬಿಸಿಗಾಳಿ ಆಡೋ ನೆರಳಲ್ಲಿ ಹರವಿ, ಗಂಟೆಗೊಮ್ಮೆ ಗಂಟುಗಳನ್ನ ಬೆರಳಿಂದ ಬಿಡಿಸ್ತಾ ಇರ್ರಿ. ಹೊರಗೆ ಒಣಗಿದಂಗೆ ಕಂಡ್ರೂ ಒಳಗೆ ಹಸಿ ಇರ್ತೈತೆ, ಪೂರ್ತಿ ಒಣಗೋಕೆ ದಿನಗಳೇ ಹಿಡೀಬಹುದು. ಆಮೇಲೆ ಹೋಗೋ ತನಕ ದೊಡ್ಡ ಕಾಟನ್ ಚೀಲದಲ್ಲಿ ಸಡಿಲವಾಗಿ ಇಡ್ರಿ.

ಇನ್ನು ಚಳಿ ಪರೀಕ್ಷೆ. ಐಸ್ ಫ್ಯಾಕ್ಟರಿಯಿಂದ ಸೊಂಟ, ಭುಜ ಬರೋಷ್ಟು ಅಗಲಕ್ಕೆ ಐಸ್ ಗಡ್ಡೆ ತರಿಸ್ರಿ, ಮರದ ಹೊಟ್ಟು ಹಾಕಿದ ಗೋಣಿಯಲ್ಲಿ ಸುತ್ತಿ ಕೊಡ್ತಾರೆ. ರಾತ್ರಿ ತಾರಸಿ ಮೇಲೆ ಸಮ ಮಾಡಿ ಇಟ್ಟು, ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮ್ಯಾಟು, ಸ್ಲೀಪಿಂಗ್ ಬ್ಯಾಗು. ಮುಕ್ಕಾಲು ಗಂಟೆ ಅಲುಗಾಡದೆ ಮಲಗ್ರಿ. ನಿಮ್ಮ ಹತ್ತಿರ ಥರ್ಮಾಮೀಟರ್ ಇರ್ತೈತಲ್ಲ, ಮ್ಯಾಟು ಮತ್ತೆ ಬ್ಯಾಗಿನ ನಡುವೆ ಸೊಂಟದ ಪಕ್ಕ ಸಿಕ್ಕಿಸ್ರಿ. ಮೇಲಿನ ಚಳಿ ಇದರಿಂದ ತಿಳಿಯಲ್ಲ, ನೆಲದ ಚಳಿ ಮಾತ್ರ ಪಕ್ಕಾ ತಿಳೀತೈತೆ.

ನಿಮ್ಮ ಟೆಂಟಿನ ಬಗ್ಗೆ ನಂಗೆ ಹೆಚ್ಚು ಚಿಂತೆ. ಅಟ್ಟದ ಮೇಲೆ ಸುತ್ತಿಟ್ಟಿದ್ದು ಅಂದ್ರಲ್ಲ. ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿ ಇದ್ದವರು, ಬಟ್ಟೇನ ಕಣ್ಣಿಂದ ನೋಡಬೇಡ, ಬೆರಳಿಂದ ನೋಡು ಅಂತಿದ್ರು. ಬಿಡಿಸಿ ಒಳಮೈ ಮುಟ್ಟಿ ನೋಡ್ರಿ. ಅಂಟಂಟಾಗಿದ್ದು ಹುಳಿ ವಾಸನೆ ಬಂದ್ರೆ, ನೀರು ತಡಿಯೋ ಪಾಲಿಯುರೆಥೇನ್ ಲೇಪ ಹೋಗೈತೆ ಅಂತ ಅರ್ಥ. ಸೆಖೆ, ತೇವ ಸೇರಿ ಆ ಲೇಪವನ್ನ ತಿಂದುಹಾಕ್ತಾವೆ. ನೆಲದ ಬಟ್ಟೆ ಮಾತ್ರ ಹಾಗಾಗಿದ್ರೆ ಕೆಳಗೊಂದು ಗಟ್ಟಿ ಹಾಳೆ ಹಾಕಿ ದಾಟಿಸಬಹುದು. ಮೇಲಿನ ಹೊದಿಕೆ ಹಾಗಾಗಿದ್ರೆ ಅದನ್ನ ನಂಬಿ 3,600 ಮೀಟರಿಗೆ ಹೋಗಬ್ಯಾಡ್ರಿ.

ಲೇಪ ಚೆನ್ನಾಗಿದ್ರೆ ಹೊಲಿಗೆ ನೋಡ್ರಿ. ಒಳಗಡೆ ಹೊಲಿಗೆ ಮೇಲೆ ಅಂಟಿಸಿದ ಪಟ್ಟಿ ಏಳ್ತಿದ್ರೆ ಅದನ್ನ ಕಿತ್ತು, ಸ್ಪಿರಿಟ್ಟಿಂದ ಒರೆಸಿ, ಸೀಮ್ ಸೀಲರ್ (ಹೊಲಿಗೆ ಸಂದು ಮುಚ್ಚೋ ಅಂಟು) ಹಚ್ಚಬೇಕು. ಪಾಲಿಯುರೆಥೇನ್ ಬಟ್ಟೆಗೆ ಪಾಲಿಯುರೆಥೇನ್ ಸೀಲರ್, ಎರಡೂ ಕಡೆ ಸಿಲಿಕೋನ್ ಇರೋ ನುಣುಪು ಬಟ್ಟೆಗೆ ಸಿಲಿಕೋನ್ ಸೀಲರ್. ಅದಲು ಬದಲಾದ್ರೆ ಹಿಡಿಯಲ್ಲ, ಸಿಪ್ಪೆ ಏಳ್ತೈತೆ. ಒಂದು ದಿನ ಒಣಗಿಸಿ, ಟೆಂಟ್ ಬಿಗಿಯಾಗಿ ಕಟ್ಟಿ, ಪೈಪಲ್ಲಿ ಹತ್ತು ನಿಮಿಷ ನೀರು ಬಿಡ್ರಿ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಬೇಕು. ಕಂಬದ ಒಳಗಿನ ಎಲಾಸ್ಟಿಕ್ ಹಗ್ಗ ಜೋತುಬಿದ್ದಿದ್ರೆ ಬದಲಾಯಿಸ್ರಿ, ಕಂಬದ ಕೀಲಿನ ಬಾಯಲ್ಲಿ ಸೀಳು ಐತಾ ನೋಡ್ರಿ. ಕಂಬ ಮುರಿದ್ರೆ ಮೇಲೆ ತೊಡಿಸೋ ಗೇಣುದ್ದದ ಅಲ್ಯೂಮಿನಿಯಂ ಕೊಳವೆ ಒಂದು ಜೊತೆಗಿರಲಿ.

ಜಿಪ್ಪು ಮುಚ್ಚಿದ ಮೇಲೂ ಹಿಂದೆ ಬಾಯಿ ಬಿಡ್ತಿದ್ರೆ ಹಲ್ಲು ಕೆಟ್ಟಿರಲ್ಲ, ಎಳೆಯೋ ಸ್ಲೈಡರ್ ಸವೆದಿರ್ತೈತೆ. ಇಕ್ಕಳದಿಂದ ಎರಡೂ ಪಕ್ಕ ಸ್ವಲ್ಪ, ಬಹಳ ಸ್ವಲ್ಪ, ಅಮುಕಿದ್ರೆ ಹಿಡಿತೈತೆ.

ಹಿಮದಲ್ಲಿ ಮಾಮೂಲಿ ಗೂಟ ನಿಲ್ಲಲ್ಲ. ಅದಕ್ಕೆ ನಾನು ಗೊಬ್ಬರದ ಚೀಲ ಚೆನ್ನಾಗಿ ತೊಳೆದು, ಎರಡು ಗೇಣಿನ ಚಿಕ್ಕ ಚೀಲ ಹೊಲೀತೀನಿ, ಬಾಯಿಗೆ ಹಗ್ಗದ ಕುಣಿಕೆ. ಹಿಮ ತುಂಬಿ, ಮೊಣಕೈ ಆಳ ಗುಂಡಿಯಲ್ಲಿ ಅಡ್ಡ ಹೂತು, ಮೇಲೆ ತುಳಿದು ಅರ್ಧ ಗಂಟೆ ಬಿಟ್ರೆ ಹಿಮ ಗಟ್ಟಿ ಹಿಡಿದುಬಿಡ್ತೈತೆ. ಆಮೇಲೆ ಟೆಂಟಿನ ಹಗ್ಗ ಬಿಗೀರಿ. ಟೆಂಟ್ ಹಾಕೋ ಜಾಗವನ್ನೂ ಹಾಗೇ ಬೂಟುಗಾಲಲ್ಲಿ ತುಳಿದು ಗಟ್ಟಿಯಾಗೋಕೆ ಬಿಡಬೇಕು, ಇಲ್ಲಾಂದ್ರೆ ಮೈ ಶಾಖಕ್ಕೆ ರಾತ್ರಿ ಸೊಂಟದ ಕೆಳಗೆ ಗುಂಡಿ ಬೀಳ್ತೈತೆ. ಜಾಗ ಆರಿಸೋವಾಗ ಗೈಡ್ ಮಾತು ಕೇಳ್ರಿ. ಆ ಹೊತ್ತಿನಲ್ಲಿ ಹಗಲಿಡೀ ಹಿಮ ಕರಗಿ ಸಂಜೆಗೆ ಹಳ್ಳ ಏರ್ತೈತೆ. ಹಳ್ಳದ ಅಂಚೂ ಬ್ಯಾಡ, ಹಿಮ ಜಾರೋ ಇಳಿಜಾರಿನ ಬುಡವೂ ಬ್ಯಾಡ.

ಒಂದು ಮಾತು ಮಾತ್ರ ದಯವಿಟ್ಟು ಮರೀಬ್ಯಾಡ್ರಿ. ಎಷ್ಟೇ ಚಳಿ ಆದ್ರೂ ಟೆಂಟೊಳಗೆ ಸ್ಟೌ ಹಚ್ಚಬಾರದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳಲ್ಲ. ಗ್ಯಾಸ್ ಡಬ್ಬಿ ಇಲ್ಲಿಂದ ಒಯ್ಯೋದೂ ಬ್ಯಾಡ, ರೈಲಲ್ಲೂ ವಿಮಾನದಲ್ಲೂ ಬಿಡಲ್ಲ. ಮನಾಲಿಯಲ್ಲೇ ಕೊಳ್ರಿ.


ಕುರಿಹಟ್ಟಿ, ಚಳ್ಳಕೆರೆ:

ಅಕ್ಕ, ಕಂಬಳಿ ವಿಷಯ ಬಂತು ಅಂತ ಬರೀತಿದ್ದೀನಿ. ನಮ್ಮ ಮನೆಯಲ್ಲಿ ಕಂಬಳಿ ನೇಯ್ತಾರೆ. ಹಾಸು ನೂಲಿಗೆ (ಮಗ್ಗದ ಉದ್ದ ಎಳೆಗೆ) ಹುಣಸೆ ಬೀಜದ ಸರಿ, ಅಂದ್ರೆ ಗಂಜಿ, ಹಚ್ಚಿ ನೇಯೋದ್ರಿಂದ ಹೊಸದು ಬಿರುಸಾಗಿರುತ್ತೆ, ಸಣ್ಣ ಮಳೆಗೆ ನೀರು ಒಳಕ್ಕೆ ಬೇಗ ಇಳಿಯಲ್ಲ. ಉಣ್ಣೆಗೆ ಇನ್ನೊಂದು ಗುಣ, ತೇವ ಆದ್ರೂ ಪುಕ್ಕದ ಥರ ಪೂರ್ತಿ ಸತ್ತುಹೋಗಲ್ಲ. ಕುರಿ ಕಾಯೋರು ಮಳೆಗಾಲದಲ್ಲಿ ಅದನ್ನೇ ಕೊಪ್ಪೆ ಹಾಕ್ಕೊಂಡು ನಿಲ್ಲೋದು ಅದಕ್ಕೇ.

ಆದ್ರೂ ಒಯ್ಯಬ್ಯಾಡಿ ಅಂತಲೇ ನಾನು ಹೇಳೋದು. ಒಣಗಿದ್ದಾಗಲೇ ಕಿಲೋಗಟ್ಟಲೆ ಭಾರ, ನೆನೆದ್ರೆ ಹೆಗಲು ಕಿತ್ತು ಬರುತ್ತೆ, ಆ ಚಳಿಯಲ್ಲಿ ಒಣಗೋದೂ ಇಲ್ಲ. ನಮ್ಮ ಕಂಬಳಿ ನಮ್ಮ ಬಯಲುಸೀಮೆಗೆ ಆಗಿ ಬಂದಿದ್ದು. ಅಮ್ಮನ ಮಾತು ಉಳಿಸಬೇಕು ಅಂದ್ರೆ ಉಣ್ಣೆ ಟೋಪಿ, ಎರಡು ಜೊತೆ ಉಣ್ಣೆ ಕಾಲುಚೀಲ ಒಯ್ಯಿರಿ. ಒಂದು ಜೊತೆ ರಾತ್ರಿಗೆ ಮಾತ್ರ ಮೀಸಲಿಡಿ, ಅದರಲ್ಲಿ ಒಂದು ಹೆಜ್ಜೆ ಕೂಡ ನಡೀಬಾರದು.


ರಾತ್ರಿ ಪಾಳಿ, ದಾವಣಗೆರೆ:

ನಾನು ನರ್ಸ್. ಬೆಟ್ಟದ ಅನುಭವ ನನಗೆ ಅಣ್ಣನಷ್ಟಿಲ್ಲ, ನಿದ್ದೆ ವಿಷಯ ಎರಡು ಮಾತು ಸೇರಿಸ್ತೀನಿ. ಎತ್ತರದಲ್ಲಿ ನಿದ್ದೆಯಲ್ಲಿ ಉಸಿರು ಕೆಲವು ಸೆಕೆಂಡು ನಿಂತು ಮತ್ತೆ ಜೋರಾಗಿ ಶುರುವಾಗೋದು ಸಾಮಾನ್ಯ, ಅದಕ್ಕೇ ಮತ್ತೆ ಮತ್ತೆ ಎಚ್ಚರ ಆಗುತ್ತೆ. ಅದಕ್ಕೆ ಹೆದರಿ ನಿದ್ದೆ ಮಾತ್ರೆ ನುಂಗಬೇಡಿ, ಮದ್ಯವೂ ಬೇಡ, ಎರಡೂ ಉಸಿರಾಟವನ್ನ ಇನ್ನಷ್ಟು ಕುಗ್ಗಿಸುತ್ತವೆ. 3,000 ಮೀಟರ್ ದಾಟಿದ ಮೇಲೆ ಮಲಗೋ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರದಂತೆ ನೋಡಿಕೊಂಡ್ರೆ ಒಳ್ಳೇದು. ಚಿಕಾದಿಂದ ಬಾಲು ಕಾ ಘೇರಾಕ್ಕೆ ಅದು ಮೀರುತ್ತೆ ಅನ್ಸುತ್ತೆ, ಮನಾಲಿಯಲ್ಲಿ ಒಂದು ದಿನ ಹೆಚ್ಚು ಇದ್ದು ಹೋಗಿ. ತಲೆನೋವಿನ ಜೊತೆ ವಾಂತಿ, ನಡಿಗೆ ತೂರಾಡೋದು, ಕೂತಲ್ಲೇ ಏದುಸಿರು ಬಂದ್ರೆ ರಾತ್ರಿಯಾದ್ರೂ ಕೆಳಗಿಳೀಬೇಕು, ಬೆಳಗಾಗಲಿ ಅಂತ ಕಾಯಬಾರದು.

ಮಲಗೋ ಮುಂಚೆ ಹೊಟ್ಟೆ ತುಂಬಾ ಊಟ, ಮೇಲೆ ಒಂದು ಶೇಂಗಾ ಹೋಳಿಗೆ. ದೇಹಕ್ಕೆ ಉರಿಸೋಕೆ ಏನಾದ್ರೂ ಬೇಕಲ್ಲ. ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿ ಇದೆಯಾ ಅಂತ ಬೋರಲು ಹಾಕಿ ನೋಡಿ, ಕಾಲುಚೀಲ ತೊಡಿಸಿ ತೊಡೆ ನಡುವೆ ಇಟ್ಟುಕೊಳ್ಳಿ. ಹೆಣ್ಣುಮಕ್ಕಳು ರಾತ್ರಿ ಹೊರಗೆ ಹೋಗೋ ಭಯಕ್ಕೆ ನೀರು ಕುಡಿಯೋದು ಬಿಡ್ತಾರೆ. ಹಾಗೆ ಮಾಡಬೇಡಿ ತಂಗಿ.


ಕೋಟೆ ಊರಿನವಳು, ಚಿತ್ರದುರ್ಗ:

ಎಲ್ಲರಿಗೂ ಧನ್ಯವಾದ. ವರದಿ ಒಪ್ಪಿಸ್ತಿದ್ದೀನಿ.

ಐಸ್ ಪರೀಕ್ಷೆ ಮಾಡಿದ್ವಿ. ಯೋಗ ಮ್ಯಾಟಿನ ಮೇಲೆ ಥರ್ಮಾಮೀಟರ್ 14ಕ್ಕೆ ಇಳೀತು, ತಮ್ಮ ಅರ್ಧ ಗಂಟೆಗೇ ಸೊಂಟ ಹಿಡ್ಕೊಂಡು ಎದ್ದ. ಸ್ನೇಹಿತೆಯ ಫೋಮ್ ಮ್ಯಾಟು, ಗಾಳಿ ಮ್ಯಾಟು ಎರಡೂ ತಂದು ಒಂದರ ಮೇಲೊಂದು ಹಾಸಿದಾಗ 27ರಲ್ಲೇ ನಿಂತಿತು, ಅವನು ಅಲ್ಲೇ ನಿದ್ದೆ ಹೋದ. ದಪ್ಪ ಬ್ಯಾಗಿನ ಹಟ ಅಲ್ಲಿಗೆ ಮುಗೀತು. ಇಬ್ಬರಿಗೂ ಎರಡೆರಡು ಮ್ಯಾಟು ಅಂತ ನಿರ್ಧಾರ ಆಗಿದೆ.

ಟೆಂಟಿನ ನೆಲ ಅಂಟಾಗಿದೆ, ವಾಸನೆಯೂ ಇದೆ. ಮೇಲಿನ ಹೊದಿಕೆ ಒಣಗಿ ಚೆನ್ನಾಗಿದೆ, ಒಂದು ಮೂಲೆಯಲ್ಲಿ ಪಟ್ಟಿ ಎದ್ದಿತ್ತು, ಸೀಲರ್ ಹಚ್ಚಿದೆ, ನೀರು ಬಿಟ್ಟರೂ ಸೋರಲಿಲ್ಲ. ಮೊನ್ನೆ ಸಂಜೆ ಗುಡುಗು ಮಳೆಗೆ ಮುಂಚೆ ಜೋಗಿಮಟ್ಟಿ ಕಡೆಯಿಂದ ಗಾಳಿ ಎದ್ದಾಗ ಪರಿಚಯದವರ ಹೊಲದಲ್ಲಿ ಕಟ್ಟಿ ನೋಡಿದ್ವಿ. ಗುಡ್ಡದ ಮೇಲಿನ ಗಾಳಿಯಂತ್ರಗಳು ಪೂರ್ತಿ ವೇಗದಲ್ಲಿ ತಿರುಗ್ತಿದ್ದವು. ಪಕ್ಕದ ಹಗ್ಗ ಕಟ್ಟದೆ ಇದ್ದಾಗ ಕಂಬ ಒಳಕ್ಕೆ ಬಗ್ಗಿ ಮುಖಕ್ಕೆ ತಾಗ್ತಿತ್ತು, ಎಲ್ಲ ಹಗ್ಗ ಬಿಗಿದ ಮೇಲೆ ನಿಂತಿತು. ಆದರೆ ಮಿಂಚು ಹತ್ತಿರ ಬಂದ ಕೂಡಲೇ ಬಿಟ್ಟು ಕಾರಿಗೆ ಓಡಿದ್ವಿ.

ಉಳಿದಿದ್ದು ಎರಡು ಅನುಮಾನ. ಒಳಗಿನ ಬಲೆಯಿಂದ ಹಿಮದ ಪುಡಿ ಒಳಗೆ ಬರುತ್ತಾ? ಬರೋದಾದರೆ ಗಾಳಿಕಿಂಡಿ ಮುಚ್ಚಿ ಮಲಗಬಹುದಾ?


ತಾಡಪಾಲು ಹೊಲಿಗೆ, ದಾವಣಗೆರೆ:

ಭೇಷ್ ತಂಗಿ, ಹೀಗೆ ಅಳೆದು ನೋಡೋರು ಕಮ್ಮಿ. ಮಿಂಚು ಕಂಡು ಎದ್ದು ಬಂದಿದ್ದೂ ಸರಿ, ಬಯಲಲ್ಲಿ ಟೆಂಟು ಸಿಡಿಲಿಗೆ ಯಾವ ರಕ್ಷಣೆನೂ ಅಲ್ಲ. ಪಾಸಿನ ಕಡೆ ಮಧ್ಯಾಹ್ನದ ಮೇಲೆ ಗುಡುಗು, ಆಲಿಕಲ್ಲು ಬರೋದು ಉಂಟು, ಅದಕ್ಕೆ ಬೆಳಗಿನ ಜಾವ ಹೊರಟು ಮಧ್ಯಾಹ್ನದೊಳಗೆ ಕ್ಯಾಂಪ್ ಸೇರ್ರಿ.

ಗಾಳಿಕಿಂಡಿ ಮುಚ್ಚಬಾರದು. ಇಬ್ಬರ ಉಸಿರಿನ ತೇವ ಟೆಂಟಿನ ಹೊರ ಹೊದಿಕೆಯ ಒಳಮೈಗೆ ಹತ್ತಿ ಹೆಪ್ಪುಗಟ್ಟಿ, ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ಸ್ಲೀಪಿಂಗ್ ಬ್ಯಾಗಿನ ಮೇಲೆ ಸುರೀತೈತೆ. ಪುಕ್ಕದ ಬ್ಯಾಗು ಮಳೆಗಿಂತ ಹೆಚ್ಚು ಹಾಳಾಗೋದು ಈ ನೀರಿಂದ. ಗಾಳಿ ಬರದ ಕಡೆಯ ಕಿಂಡಿ ತೆರೆದಿಡ್ರಿ, ಮೂಗು ಬಾಯಿ ಬ್ಯಾಗಿನ ಹೊರಗೇ ಇರಲಿ, ಒದ್ದೆ ಬಟ್ಟೆ ಒಳಗೆ ಹರವಬ್ಯಾಡ್ರಿ. ಬಲೆಯಿಂದ ಗಾಳಿ ಜೋರಾದಾಗ ಹಿಮದ ಪುಡಿ ಬರೋದು ಹೌದು. ಅದಕ್ಕೆ ಬಲೆಯ ಗಾಳಿ ಬೀಸೋ ಪಕ್ಕಕ್ಕೆ ಮಾತ್ರ ತೆಳು ನೈಲಾನ್ ಬಟ್ಟೆಯ ಪರದೆ ಹೊಲಿದು ಕೊಡ್ತೀನಿ, ಮೇಲೆ ವೆಲ್ಕ್ರೋ, ಬೇಕಾದಾಗ ಹಚ್ಚಿ, ಬ್ಯಾಡಾದಾಗ ಸುತ್ತಿ ಕಟ್ಟಬಹುದು. ಹೊರ ಹೊದಿಕೆಯ ಅಂಚಿನ ಸುತ್ತ ಅಲ್ಲಲ್ಲಿ ಹಿಮ ಒತ್ತಿದ್ರೆ ಅರ್ಧ ಪುಡಿ ಅಲ್ಲೇ ನಿಲ್ತೈತೆ, ಸುತ್ತಲೂ ಪೂರ್ತಿ ಮುಚ್ಚಬ್ಯಾಡ್ರಿ.

ನೀರು ಸೋಸೋ ಫಿಲ್ಟರ್ ಒಯ್ತಿದ್ರೆ ರಾತ್ರಿ ಅದು, ಫೋನು, ಪವರ್ ಬ್ಯಾಂಕು ಮೂರೂ ಸ್ಲೀಪಿಂಗ್ ಬ್ಯಾಗಿನೊಳಗೆ. ಫಿಲ್ಟರಿನ ಸಣ್ಣ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿದ್ರೆ ಒಡೀತಾವೆ, ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ.

ನೆಲಕ್ಕೆ ಟೆಂಟಿನ ಅಳತೆಗಿಂತ ಎರಡು ಬೆರಳು ಚಿಕ್ಕದಾಗಿ ಹಾಳೆ ಕತ್ತರಿಸ್ರಿ. ಹೊರಗೆ ಚಾಚಿದ್ರೆ ಮಳೆ ನೀರು ಹಿಡಿದು ಒಳಕ್ಕೆ ತರ್ತೈತೆ. ಟೆಂಟು, ಹಾಳೆ ಎರಡೂ ಬಸ್ಸಿಗೆ ಹಾಕಿ ಕಳಿಸ್ರಿ ಇಲ್ಲಾ ಭಾನುವಾರ ಬಿಟ್ಟು ಯಾವತ್ತಾದ್ರೂ ತಗೊಂಡು ಬರ್ರಿ. ಪರದೆ, ಎಂಟು ಹಿಮದ ಚೀಲ ಒಟ್ಟಿಗೆ ಹೊಲೀತೀನಿ. ಹಗ್ಗ ಮಾತ್ರ ನೀವು ತರ್ರಿ, 3 ಮಿಲಿಮೀಟರ್ ದಪ್ಪದ್ದು, ಒಂದೊಂದು ಚೀಲಕ್ಕೆ ಎರಡು ಮೀಟರಿನಂತೆ.